ಬಂಗಾರ ಸಿಗಲಿಲ್ಲ, ಚಕ್ರ ಕೈಬಿಡಲಿಲ್ಲ: ಬೇರಿಂಗ್ ಜನಕ ಹೆನ್ರಿ ಟಿಮ್‌ಕನ್ ಬದುಕು

ಕೆಜಿಎಫ್: ಲಾರಿಯ ಮುಂದಿನ ಚಕ್ರವನ್ನು ಬಿಚ್ಚಿ, ಗ್ರೀಸು ಮೆತ್ತಿದ ಬೇರಿಂಗನ್ನು ಹಬ್ಬಿನಿಂದ ಹೊರತೆಗೆದು ಸೀಮೆಎಣ್ಣೆಯಲ್ಲಿ ತೊಳೆದರೆ, ಉಕ್ಕಿನ ಬಳೆಯ ಅಂಚಿನಲ್ಲಿ ಎಷ್ಟೋ ಬಾರಿ ಟಿಮ್‌ಕನ್ ಎಂಬ ಹೆಸರು ಕಾಣಿಸುತ್ತದೆ. ಬಂಗಾರಪೇಟೆಯ ಗ್ಯಾರೇಜಿರಲಿ, ಬೀದರಿನ ಲಾರಿ ಅಡ್ಡೆಯಿರಲಿ, ಮೆಕ್ಯಾನಿಕ್‌ಗಳಿಗೆ ಈ ಹೆಸರು ಹೊಸದಲ್ಲ. ಆದರೆ ಅದು ಒಬ್ಬ ಮನುಷ್ಯನ ಹೆಸರು, ಆ ಮನುಷ್ಯ ಗಾಡಿ ಮಾಡುವ ಕೆಲಸಗಾರನಾಗಿದ್ದ, ಒಮ್ಮೆ ಚಿನ್ನವನ್ನು ಹುಡುಕಿಕೊಂಡು ಹೋಗಿ ಮರಳಿ ಬಂದಿದ್ದ ಎಂಬ ಸಂಗತಿ ಬಲ್ಲವರು ವಿರಳ.

ಚಿನ್ನದ ಗಣಿಯ ನೆರಳಿನಲ್ಲಿ ಬೆಳೆದ ಕೆಜಿಎಫ್ ಮತ್ತು ಬಂಗಾರಪೇಟೆಯ ಜನರಿಗೆ ಹೆನ್ರಿ ಟಿಮ್‌ಕನ್ ಅವರ ಬದುಕು ಹೆಚ್ಚು ಹತ್ತಿರವೆನಿಸೀತು. ಕಾರು, ಜೀಪು, ಲಾರಿಗಳಲ್ಲಿ ಪ್ರಯಾಣಿಸುವ ಎಲ್ಲರ ಸುರಕ್ಷತೆಗೂ ಆ ಬದುಕಿಗೂ ನಂಟಿದೆ.

ರೈತನ ಮಗ, ಗಾಡಿ ಕೆಲಸದ ಶಿಷ್ಯ

ಟಿಮ್‌ಕನ್ ಜನಿಸಿದ್ದು 1831ರ ಆಗಸ್ಟ್ 16ರಂದು, ಜರ್ಮನಿಯ ಬ್ರೆಮೆನ್ ನಗರದ ಸಮೀಪ. 1838ರಲ್ಲಿ ಕುಟುಂಬ ಅಮೆರಿಕಕ್ಕೆ ವಲಸೆ ಹೋಗಿ ಮಿಸೌರಿ ರಾಜ್ಯದಲ್ಲಿ ನೆಲೆಸಿತು. ಮನೆತನದ್ದು ಬೇಸಾಯವಾದರೂ ಬಾಲಕನ ಒಲವು ನೇಗಿಲಿನ ಕಡೆಗಿರಲಿಲ್ಲ. ಹದಿಹರೆಯದಲ್ಲೇ ಸೇಂಟ್ ಲೂಯಿಸ್ ನಗರಕ್ಕೆ ಹೋಗಿ, ಕುದುರೆ ಗಾಡಿಗಳನ್ನು ತಯಾರಿಸುವ ಕುಶಲಕರ್ಮಿಯೊಬ್ಬರ ಬಳಿ ಶಿಷ್ಯರಾಗಿ ಸೇರಿಕೊಂಡರು.

ಕುದುರೆಯೇ ಸಾರಿಗೆಯ ಜೀವಾಳವಾಗಿದ್ದ ಕಾಲವದು. ಪಶ್ಚಿಮ ದಿಕ್ಕಿಗೆ ವಲಸೆ ಹೊರಟವರಿಗೆಲ್ಲ ಸೇಂಟ್ ಲೂಯಿಸ್ ಹೆಬ್ಬಾಗಿಲಿನಂತಿತ್ತು. ಗಾಡಿ ತಯಾರಿಸುವವರಿಗೆ ಅಲ್ಲಿ ಕೆಲಸಕ್ಕೆ ಕೊರತೆಯಿರಲಿಲ್ಲ. ಮರವನ್ನು ಆರಿಸುವುದು, ಚಕ್ರಕ್ಕೆ ಕಬ್ಬಿಣದ ಪಟ್ಟಿ ಹೊಡೆಯುವುದು, ಅಚ್ಚಿಗೆ ಗುಂಬವನ್ನು ಹೊಂದಿಸುವುದು ಮುಂತಾದ ಕೆಲಸಗಳನ್ನು ಅವರು ಕೈಯಾರೆ ಕಲಿತರು. 1855ರಲ್ಲಿ ಸ್ವಂತ ವ್ಯಾಪಾರ ಆರಂಭವಾಯಿತು. ಫ್ರೆಡರಿಕಾ ಹೈಂಜೆಲ್ಮನ್ ಅವರೊಂದಿಗೆ ವಿವಾಹವಾದದ್ದೂ ಅದೇ ವರ್ಷ.

ಚಿನ್ನದ ಬೆನ್ನು ಹತ್ತಿ

1858ರಲ್ಲಿ ಅಮೆರಿಕದ ರಾಕಿ ಪರ್ವತ ಸೀಮೆಯಲ್ಲಿ, ಈಗಿನ ಕೊಲೊರಾಡೊ ಪ್ರದೇಶದಲ್ಲಿ ಚಿನ್ನ ಸಿಕ್ಕ ಸುದ್ದಿ ಹಬ್ಬಿತು. ಪೈಕ್ಸ್ ಪೀಕ್ ಎಂಬ ಶಿಖರದ ಹೆಸರಿನಲ್ಲಿ ಪ್ರಸಿದ್ಧವಾದ ಆ ಚಿನ್ನದ ಓಟದಲ್ಲಿ ಸಾವಿರಾರು ಜನ ಮನೆ ಮಠ ಬಿಟ್ಟು ಬಯಲು ದಾಟಿದರು. 1860ರ ಸುಮಾರಿಗೆ ಟಿಮ್‌ಕನ್ ಕೂಡ ಆ ಗುಂಪನ್ನು ಸೇರಿದರು. ಆದರೆ ಅದೃಷ್ಟ ಒಲಿಯಲಿಲ್ಲ. ಅವರು ಸೇಂಟ್ ಲೂಯಿಸ್‌ಗೆ ಹಿಂತಿರುಗಿ ಮತ್ತೆ ಗಾಡಿ ಕೆಲಸವನ್ನೇ ಹಿಡಿದರು.

ಇದಾದ ಹತ್ತು ಹದಿನೈದು ವರ್ಷಗಳ ನಂತರ, 1870ರ ದಶಕದಲ್ಲಿ, ಮೈಕೆಲ್ ಫಿಟ್ಜ್‌ಜೆರಾಲ್ಡ್ ಲ್ಯಾವೆಲ್ ಎಂಬ ನಿವೃತ್ತ ಐರಿಷ್ ಸೈನಿಕ ಕೋಲಾರ ಸೀಮೆಯಲ್ಲಿ ಚಿನ್ನ ಶೋಧಿಸಲು ಮೈಸೂರು ಸರ್ಕಾರದಿಂದ ಅನುಮತಿ ಪಡೆದ. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆ ಇಲ್ಲಿಗೆ ಕಾಲಿಟ್ಟ ಬಳಿಕ ಗಣಿಗಳು ಆಳಕ್ಕಿಳಿದವು. ಬೌರಿಂಗ್‌ಪೇಟೆ, ಅಂದರೆ ಈಗಿನ ಬಂಗಾರಪೇಟೆ, ರೈಲ್ವೆ ಜಂಕ್ಷನ್ ಆಗಿ ಬೆಳೆಯಿತು. 1902ರಲ್ಲಿ ಶಿವನಸಮುದ್ರದ ವಿದ್ಯುತ್ ಗಣಿಗಳಿಗೆ ಹರಿಯಿತು. ಇಲ್ಲಿ ಚಿನ್ನ ನೂರಿಪ್ಪತ್ತು ವರ್ಷ ಊರನ್ನು ಸಾಕಿತು. ಟಿಮ್‌ಕನ್ ಅವರನ್ನು ಸಾಕಿದ್ದು ಮಾತ್ರ ಅವರು ಮೊದಲೇ ಕಲಿತಿದ್ದ ಚಕ್ರದ ವಿದ್ಯೆ.

ಸ್ಪ್ರಿಂಗ್ ತಂದ ಸಿರಿ

ಅವರಿಗೆ ಮೊದಲು ಹೆಸರು ಮತ್ತು ಹಣ ತಂದದ್ದು ಬೇರಿಂಗ್ ಅಲ್ಲ, ಸ್ಪ್ರಿಂಗ್. ಕುದುರೆ ಗಾಡಿಯಲ್ಲಿ ಕುಳಿತವರ ಬೆನ್ನಿಗೆ ಹಳ್ಳದಿಣ್ಣೆಗಳ ಪೆಟ್ಟು ನೇರವಾಗಿ ತಾಗುತ್ತಿತ್ತು. ಈ ಕುಲುಕಾಟವನ್ನು ತಗ್ಗಿಸುವ ಸ್ಪ್ರಿಂಗ್ ಒಂದನ್ನು ರೂಪಿಸಿ 1877ರಲ್ಲಿ ಟಿಮ್‌ಕನ್ ಪೇಟೆಂಟ್ ಪಡೆದರು. ಜಟಕಾ ಬಂಡಿಯಲ್ಲಿ ಓಡಾಡಿದ ಹಿರಿಯರಿಗೆ ಇದರ ಬೆಲೆ ಏನೆಂದು ವಿವರಿಸಬೇಕಾಗಿಲ್ಲ. ಬೇರೆ ಗಾಡಿ ತಯಾರಕರೂ ಅದನ್ನು ಬಳಸಿ ಗೌರವಧನ ತೆತ್ತರು. ಟಿಮ್‌ಕನ್ ಸಿರಿವಂತರಾದರು.

1880ರ ದಶಕದ ಕೊನೆಯಲ್ಲಿ, ಐವತ್ತೈದು ದಾಟಿದ ಪ್ರಾಯದಲ್ಲಿ, ವ್ಯವಹಾರದಿಂದ ನಿವೃತ್ತರಾಗಿ ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯಾಗೊ ನಗರದಲ್ಲಿ ನೆಲೆಸಿದರು. ಅಲ್ಲಿಗೆ ಕಥೆ ಮುಗಿದಿದ್ದರೆ ಅವರ ಹೆಸರು ಕುದುರೆ ಗಾಡಿಯ ಜೊತೆಗೇ ಮರೆಯಾಗುತ್ತಿತ್ತು. ಆದರೆ ಕೆಲಸವಿಲ್ಲದ ಬದುಕು ಅವರಿಗೆ ಒಗ್ಗಲಿಲ್ಲ. ಸೇಂಟ್ ಲೂಯಿಸ್‌ಗೆ ವಾಪಸಾದ ಅವರು, ಗಾಡಿ ಕಸುಬಿನ ಅತ್ಯಂತ ಹಳೆಯ ತೊಡಕೊಂದನ್ನು ಕೈಗೆತ್ತಿಕೊಂಡರು. ಅದು ಚಕ್ರಕ್ಕೂ ಅಚ್ಚಿಗೂ ನಡುವಿನ ತಿಕ್ಕಾಟ.

ಕೀಲೆಣ್ಣೆಯ ಕಾಲ

ನಮ್ಮ ಎತ್ತಿನ ಗಾಡಿಗಳನ್ನು ಕಂಡವರಿಗೆ ಈ ತೊಡಕು ಹೊಸದಲ್ಲ. ಗುಂಬದ ತೂತಿನಲ್ಲಿ ಕಬ್ಬಿಣದ ಅಚ್ಚು ನೇರವಾಗಿ ಉಜ್ಜುತ್ತದೆ. ಕೀಲೆಣ್ಣೆ ಹಾಕದಿದ್ದರೆ ಗಾಡಿ ಕಿರುಗುಟ್ಟುತ್ತದೆ, ಎತ್ತುಗಳು ಬಳಲುತ್ತವೆ, ಗುಂಬ ಸವೆದು ಚಕ್ರ ಅಲುಗುತ್ತದೆ. ಹಳೆಯ ರೈಲು ಗಾಡಿಗಳಲ್ಲಿಯೂ ಎಣ್ಣೆಯಲ್ಲಿ ನೆನೆಸಿದ ತುಂಡುನೂಲಿನ ಮೇಲೆ ಅಚ್ಚು ತಿರುಗುತ್ತಿತ್ತು. ಎಣ್ಣೆ ಒಣಗಿದರೆ ಅಚ್ಚು ಕಾದು ಹೊಗೆಯಾಡುತ್ತಿತ್ತು. ಹಾಟ್ ಆಕ್ಸಲ್ ಎಂಬ ಮಾತು ಬಂಗಾರಪೇಟೆಯಂಥ ರೈಲ್ವೆ ಊರುಗಳಿಗೆ ಚಿರಪರಿಚಿತ.

ಉಜ್ಜುವ ಬದಲು ಉರುಳಿಸಿದರೆ ಶ್ರಮ ಎಷ್ಟೋ ಪಾಲು ತಗ್ಗುತ್ತದೆ ಎಂಬ ಅರಿವು ಹಳೆಯದು. 1794ರಲ್ಲೇ ಬ್ರಿಟನ್‌ನ ವೇಲ್ಸ್ ಪ್ರಾಂತ್ಯದ ಫಿಲಿಪ್ ವಾನ್ ಎಂಬಾತ ಗಾಡಿಯ ಅಚ್ಚಿಗೆ ಗುಂಡುಗಳನ್ನು ಅಳವಡಿಸುವ ವಿಧಾನಕ್ಕೆ ಪೇಟೆಂಟ್ ಪಡೆದಿದ್ದ. ಬಳಿಕ ಸೈಕಲ್ ಯುಗ ಬಂದು ಬಾಲ್ ಬೇರಿಂಗ್ ಮನೆಮಾತಾಯಿತು.

ಆದರೆ ನೇರವಾಗಿ ಓಡುವ ಹಗುರ ಸೈಕಲ್ಲಿಗೆ ಸಾಕಾದದ್ದು ಹೇರು ಹೊತ್ತ ಗಾಡಿಗೆ ಸಾಲದು. ಗಾಡಿ ತಿರುವಿನಲ್ಲಿ ಹೊರಳುವಾಗ ಭಾರ ಮೇಲಿನಿಂದಷ್ಟೇ ಬೀಳುವುದಿಲ್ಲ, ಪಕ್ಕದಿಂದಲೂ ತಳ್ಳುತ್ತದೆ. ದುಂಡನೆಯ ನೇರ ರೋಲರುಗಳು ಮೇಲಿನ ಭಾರವನ್ನು ಚೆನ್ನಾಗಿ ತಡೆದರೂ ಪಕ್ಕದ ತಳ್ಳಾಟವನ್ನು ತಾಳಲಾರವು. ಟಿಮ್‌ಕನ್ ಅವರ ಗಮನ ನೆಟ್ಟದ್ದು ಇಲ್ಲಿಯೇ.

ಓರೆ ರೋಲರಿನ ಉಪಾಯ

ಹೆಂಡತಿಯ ತವರಿನ ಕಡೆಯ ರೆಜಿನಾಲ್ಡ್ ಹೈಂಜೆಲ್ಮನ್ ಅವರನ್ನು ಜೊತೆಗಿಟ್ಟುಕೊಂಡು ಅವರು ಪ್ರಯೋಗ ನಡೆಸಿದರು. ಕಂಡುಕೊಂಡ ಉಪಾಯ ನೋಡಲು ಸರಳ: ರೋಲರುಗಳನ್ನು ಒಂದು ತುದಿ ದಪ್ಪ, ಇನ್ನೊಂದು ತುದಿ ಸಣ್ಣ ಇರುವಂತೆ ಓರೆಯಾಗಿ ಕಡೆಯುವುದು. ಅವು ಕೂರುವ ಒಳಬಳೆಯನ್ನೂ ಹೊರಬಳೆಯನ್ನೂ ಅದೇ ಓರೆಯಲ್ಲಿ ಮಾಡುವುದು. ಆಗ ರೋಲರುಗಳು ಮೇಲಿನ ಭಾರ ಮತ್ತು ಪಕ್ಕದ ಒತ್ತಡ ಎರಡನ್ನೂ ಒಟ್ಟಿಗೆ ಹೊರುತ್ತವೆ. ರೋಲರು ಮತ್ತು ಬಳೆಗಳ ಓರೆ ಗೆರೆಗಳನ್ನು ಮುಂದಕ್ಕೆ ಎಳೆದರೆ ಎಲ್ಲವೂ ಅಚ್ಚಿನ ನಡುಗೆರೆಯ ಒಂದೇ ಬಿಂದುವಿನಲ್ಲಿ ಕೂಡುತ್ತವೆ. ಆದಕಾರಣ ರೋಲರುಗಳು ಜಾರದೆ ಉರುಳುತ್ತವೆ.

1898ರ ಜೂನ್ 28ರಂದು ಇದಕ್ಕೆ ಪೇಟೆಂಟ್ ದೊರೆಯಿತು. ಆಗ ಟಿಮ್‌ಕನ್ ಅವರಿಗೆ 66 ವರ್ಷ. ಬೇರೆಯವರು ಮೊಮ್ಮಕ್ಕಳನ್ನು ಆಡಿಸುವ ವಯಸ್ಸಿನಲ್ಲಿ ಅವರ ನಿಜವಾದ ಕೀರ್ತಿ ಶುರುವಾಯಿತು.

ಈ ವಿನ್ಯಾಸದಲ್ಲಿ ಇನ್ನೊಂದು ಗುಣವೂ ಇತ್ತು. ಅದರ ಭಾಗಗಳನ್ನು ಬೇರ್ಪಡಿಸಬಹುದು. ಗ್ಯಾರೇಜಿನ ಭಾಷೆಯಲ್ಲಿ ಕಪ್ ಎನ್ನಲಾಗುವ ಹೊರಬಳೆ ಹಬ್ಬಿನಲ್ಲಿ ಉಳಿಯುತ್ತದೆ. ಕೋನ್ ಎನ್ನಲಾಗುವ ಒಳಬಳೆ ರೋಲರುಗಳ ಸಮೇತ ಕೈಗೆ ಬರುತ್ತದೆ. ಸವೆತ ಕಂಡರೆ ನಟ್ಟನ್ನು ತುಸು ಬಿಗಿದು ಸಡಿಲವನ್ನು ಸರಿಪಡಿಸಬಹುದು. ಕಾರ್ಖಾನೆಗೆ ಹೋಗದೆ, ರಸ್ತೆಬದಿಯ ಕಮ್ಮಾರನೂ ಬಿಚ್ಚಿ, ತೊಳೆದು, ಜೋಡಿಸಬಹುದಾದ ಬೇರಿಂಗ್ ಅದು.

ಸೇಂಟ್ ಲೂಯಿಸ್‌ನ ಬೀದಿಯಲ್ಲಿ ಈ ಬೇರಿಂಗ್ ಅಳವಡಿಸಿದ ಗಾಡಿಯೊಂದು ಭಾರೀ ಹೇರು ಹೊತ್ತು ಹೋಗುತ್ತಿದ್ದಾಗ, ಅದನ್ನು ಎಳೆಯುತ್ತಿದ್ದ ಸಣ್ಣ ಹೇಸರಗತ್ತೆಗಳನ್ನು ಕಂಡು ಪ್ರಾಣಿಹಿಂಸೆಯ ಆರೋಪದ ಮೇಲೆ ಗಾಡಿಯವನನ್ನು ಹಿಡಿಯಲಾಯಿತೆಂದೂ, ಚಕ್ರ ಎಷ್ಟು ಹಗುರವಾಗಿ ತಿರುಗುತ್ತದೆಂದು ತೋರಿಸಿದ ಬಳಿಕ ಬಿಡಲಾಯಿತೆಂದೂ ಕಥೆಯೊಂದು ಪ್ರಚಲಿತವಿದೆ. ಕಥೆಯಲ್ಲಿ ಉತ್ಪ್ರೇಕ್ಷೆ ಇದ್ದರೂ, ಹೊಸ ಚಕ್ರ ಹಳೆಯ ಕಣ್ಣುಗಳಿಗೆ ಎಷ್ಟು ಅಚ್ಚರಿ ತಂದಿತ್ತೆಂಬುದನ್ನು ಅದು ಹೇಳುತ್ತದೆ.

ಗಾಡಿಯಿಂದ ಮೋಟಾರಿಗೆ

1899ರಲ್ಲಿ ಟಿಮ್‌ಕನ್ ಮತ್ತು ಅವರ ಪುತ್ರರಾದ ವಿಲಿಯಂ, ಎಚ್.ಎಚ್. ಟಿಮ್‌ಕನ್ ಸೇರಿ ರೋಲರ್ ಬೇರಿಂಗ್ ಆಕ್ಸಲ್ ಕಂಪನಿಯನ್ನು ಸ್ಥಾಪಿಸಿದರು. ಕುದುರೆ ಗಾಡಿಗೆಂದು ಹುಟ್ಟಿದ ವಸ್ತುವಿಗೆ ಮೋಟಾರು ಗಾಡಿಯೇ ನಿಜವಾದ ಮಾರುಕಟ್ಟೆ ಎಂಬುದನ್ನು ಈ ಕುಟುಂಬ ಬೇಗ ಮನಗಂಡಿತು. ಕಂಪನಿ ಓಹಿಯೊ ರಾಜ್ಯದ ಕ್ಯಾಂಟನ್ ನಗರಕ್ಕೆ ಸ್ಥಳಾಂತರಗೊಂಡಿತು. ಒಂದು ಬದಿಗೆ ಪಿಟ್ಸ್‌ಬರ್ಗಿನ ಉಕ್ಕು, ಇನ್ನೊಂದು ಬದಿಗೆ ಡೆಟ್ರಾಯಿಟ್ ಮತ್ತು ಕ್ಲೀವ್‌ಲ್ಯಾಂಡ್‌ನ ಮೋಟಾರು ತಯಾರಕರು. ಎರಡಕ್ಕೂ ಹತ್ತಿರವಾದ ಊರು ಅದು.

ಕುದುರೆಗಿಂತ ಎಷ್ಟೋ ಪಟ್ಟು ವೇಗವಾಗಿ ಓಡುವ ಮೋಟಾರಿಗೆ ತಿರುವಿನಲ್ಲಿ ಬೀಳುವ ಪಕ್ಕದ ಒತ್ತಡವೂ ಅಷ್ಟೇ ಹೆಚ್ಚು. ಓರೆ ರೋಲರು ಅದಕ್ಕೆಂದೇ ಹುಟ್ಟಿದಂತಿತ್ತು. ಚಕ್ರವಷ್ಟೇ ಅಲ್ಲದೆ ಹಿಂದಿನ ಆಕ್ಸಲಿನ ಗಿಯರುಗಳಿಗೂ ಅದು ಬೇಕಾಯಿತು. 1908ರಲ್ಲಿ ಫೋರ್ಡ್ ಕಂಪನಿಯ ಮಾಡೆಲ್ ಟಿ ಕಾರು ಬಂದು ಮೋಟಾರು ಜನಸಾಮಾನ್ಯರ ಮನೆಬಾಗಿಲಿಗೆ ತಲುಪತೊಡಗಿತು. ಅದರ ಮರುವರ್ಷ, 1909ರ ಮಾರ್ಚ್ 16ರಂದು, ಸ್ಯಾನ್ ಡಿಯಾಗೊದಲ್ಲಿ 77ನೇ ವಯಸ್ಸಿನಲ್ಲಿ ಟಿಮ್‌ಕನ್ ನಿಧನರಾದರು. ತಮ್ಮ ಚಕ್ರ ಎಲ್ಲಿಗೆ ಹೊರಟಿದೆ ಎಂಬುದರ ಸುಳಿವಷ್ಟೇ ಅವರಿಗೆ ಸಿಕ್ಕಿತ್ತು.

ಹೊಣೆ ಕೈಯ ಮೇಲೆ

ಬಿಚ್ಚಿ ಜೋಡಿಸಬಹುದಾದ ಬೇರಿಂಗ್ ಎಂದರೆ, ಅದರ ಆಯುಷ್ಯ ಜೋಡಿಸುವ ಕೈಯಲ್ಲಿದೆ ಎಂದೇ ಅರ್ಥ. ಟಿಮ್‌ಕನ್ ಬಿಟ್ಟುಹೋದ ಅನುಕೂಲದ ಬೆನ್ನಿಗೇ ಈ ಹೊಣೆಯೂ ಇದೆ. ಚಲಿಸುವ ವಾಹನದ ಬೇರಿಂಗ್ ಪೂರ್ತಿ ಕೆಟ್ಟರೆ ಚಕ್ರವೇ ಕಳಚಿ ಬೀಳಬಹುದು. ಅಪಾಯ ವಾಹನದಲ್ಲಿರುವವರಿಗಷ್ಟೇ ಅಲ್ಲ, ಎದುರು ಬರುವವರಿಗೂ ಇದೆ.

ಬೇರಿಂಗ್ ಕೆಡುವ ಮುನ್ನ ಸೂಚನೆ ಕೊಡುತ್ತದೆ. ವೇಗ ಏರಿದಂತೆ ಏರುವ ಗುಂಯ್ ಎಂಬ ಸದ್ದು ಮೊದಲನೆಯದು. ಬಲಕ್ಕೆ ತಿರುಗಿದಾಗ ಸದ್ದು ಹೆಚ್ಚಾದರೆ ಎಡಗಡೆಯ ಚಕ್ರದ ಮೇಲೂ, ಎಡಕ್ಕೆ ತಿರುಗಿದಾಗ ಹೆಚ್ಚಾದರೆ ಬಲಗಡೆಯ ಚಕ್ರದ ಮೇಲೂ ಅನುಮಾನ ಪಡಬೇಕು. ತಿರುವಿನಲ್ಲಿ ಭಾರ ಹೊರಬದಿಯ ಚಕ್ರಕ್ಕೆ ವಾಲುವುದೇ ಇದಕ್ಕೆ ಕಾರಣ. ವಾಹನವನ್ನು ಜಾಕ್ ಮೇಲೆತ್ತಿ, ಚಕ್ರದ ಮೇಲ್ಭಾಗವನ್ನೂ ಕೆಳಭಾಗವನ್ನೂ ಹಿಡಿದು ಅಲುಗಿಸಿದಾಗ ಆಟ ಕಂಡುಬಂದರೆ, ತಿರುಗಿಸಿದಾಗ ಒರಟು ಸದ್ದು ಕೇಳಿದರೆ, ತಡ ಮಾಡುವಂತಿಲ್ಲ.

ಹಳೆಯ ಮಾದರಿಯ ಜೀಪು, ಲಾರಿ ಮತ್ತು ಕಾರುಗಳಲ್ಲಿ ಬೇರಿಂಗ್ ಬದಲಿಸುವ ಕ್ರಮ ಇಂದಿಗೂ ಟಿಮ್‌ಕನ್ ವಿನ್ಯಾಸವನ್ನೇ ಅನುಸರಿಸುತ್ತದೆ. ವಾಹನವನ್ನು ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ಉಳಿದ ಚಕ್ರಗಳಿಗೆ ಅಡ್ಡ ಕೊಟ್ಟು, ಜಾಕನ್ನಷ್ಟೇ ನಂಬದೆ ಕೆಳಗೆ ಸ್ಟ್ಯಾಂಡ್ ಇಡಬೇಕು. ಚಕ್ರ ಮತ್ತು ಬ್ರೇಕಿನ ಭಾಗಗಳನ್ನು ತೆಗೆದು, ಧೂಳಿನ ಮುಚ್ಚಳ ಎಬ್ಬಿಸಿ, ಸ್ಪ್ಲಿಟ್ ಪಿನ್ ಕಿತ್ತು, ನಟ್ ಬಿಚ್ಚಿದರೆ ವಾಷರಿನ ಹಿಂದೆ ಹೊರಗಿನ ಬೇರಿಂಗ್ ಕೈಗೆ ಬರುತ್ತದೆ. ಹಬ್ಬನ್ನು ಹೊರಗೆಳೆದು ಆಯಿಲ್ ಸೀಲ್ ಎಬ್ಬಿಸಿದರೆ ಒಳಗಿನದು ಸಿಗುತ್ತದೆ. ಡಿಸ್ಕ್ ಬ್ರೇಕಿದ್ದರೆ ಕ್ಯಾಲಿಪರನ್ನು ಅದರ ರಬ್ಬರ್ ಕೊಳವೆಯಲ್ಲಿ ಜೋತು ಬಿಡದೆ ತಂತಿಯಿಂದ ಕಟ್ಟಬೇಕು.

ತೊಳೆದು ನೋಡಿದಾಗ ರೋಲರಿನ ಮೇಲೆ ಚುಕ್ಕೆಗುಳಿಗಳಿದ್ದರೆ, ಕಾದು ನೀಲಿಗಟ್ಟಿದ್ದರೆ, ತುಕ್ಕು ಹಿಡಿದಿದ್ದರೆ ಬದಲಿಸಲೇಬೇಕು. ಇಲ್ಲಿ ಸಾಮಾನ್ಯವಾಗಿ ಆಗುವ ತಪ್ಪೆಂದರೆ ಕೋನನ್ನು ಮಾತ್ರ ಹೊಸದು ಹಾಕಿ, ಹಬ್ಬಿನಲ್ಲಿ ಬಿಗಿಯಾಗಿ ಕುಳಿತ ಹಳೆಯ ಕಪ್ಪನ್ನು ಹಾಗೆಯೇ ಬಿಡುವುದು. ಸವೆದ ಹಾದಿಯಲ್ಲಿ ಹೊಸ ರೋಲರು ಉರುಳಿದರೆ ಅದೂ ಬೇಗ ಸವೆಯುತ್ತದೆ. ಎರಡನ್ನೂ ಜೋಡಿಯಾಗಿಯೇ ಬದಲಿಸಬೇಕು. ಹಳೆಯ ಕಪ್ಪನ್ನು ಹಿತ್ತಾಳೆಯಂಥ ಮೆದು ಲೋಹದ ಸರಳಿನಿಂದ, ಒಮ್ಮೆ ಈ ಬದಿಗೆ ಒಮ್ಮೆ ಆ ಬದಿಗೆ ತಟ್ಟುತ್ತ ಹೊರಡಿಸಬೇಕು. ಹೊಸದನ್ನು ಓರೆಯಾಗದಂತೆ ತಳ ಮುಟ್ಟುವವರೆಗೆ ಕೂರಿಸಬೇಕು. ತಳ ಮುಟ್ಟಿದಾಗ ಸುತ್ತಿಗೆಯ ಸದ್ದು ಬದಲಾಗುವುದನ್ನು ಅನುಭವಿ ಕಿವಿಗಳು ಗುರುತಿಸುತ್ತವೆ.

ಗ್ರೀಸನ್ನು ಮೇಲೆ ಸವರಿದರೆ ಸಾಲದು. ಅಂಗೈಯಲ್ಲಿ ಇಟ್ಟುಕೊಂಡು ರೋಲರುಗಳ ಸಂದಿಯಿಂದ ಹೊರಚಿಮ್ಮುವವರೆಗೆ ಒತ್ತಿ ತುಂಬಬೇಕು. ಆಯಿಲ್ ಸೀಲ್ ಪ್ರತಿ ಬಾರಿಯೂ ಹೊಸದಿರಬೇಕು. ಅತಿ ಮುಖ್ಯವಾದದ್ದು ಕೊನೆಯ ಹಂತ. ಹಬ್ಬನ್ನು ತಿರುಗಿಸುತ್ತಲೇ ನಟ್ ಬಿಗಿದು ರೋಲರುಗಳು ಸರಿಯಾಗಿ ಕೂತ ಮೇಲೆ, ಮತ್ತೆ ಸಡಿಲಿಸಿ, ವಾಹನ ತಯಾರಕರು ಸೂಚಿಸಿದ ಅಳತೆಗೆ ತರಬೇಕು. ಹಲವು ವಾಹನಗಳಲ್ಲಿ ಕೂದಲೆಳೆಯಷ್ಟು ಆಟ ಉಳಿಯಬೇಕಾಗುತ್ತದೆ. ಭದ್ರವಾಗಿರಲೆಂದು ಶಕ್ತಿ ಮೀರಿ ಬಿಗಿದರೆ ಬೇರಿಂಗ್ ಕಾದು ಸುಟ್ಟುಹೋಗುತ್ತದೆ. ತೀರಾ ಸಡಿಲ ಬಿಟ್ಟರೆ ಚಕ್ರ ಅಲುಗಿ ಒಡೆಯುತ್ತದೆ. ಹೊಸ ಸ್ಪ್ಲಿಟ್ ಪಿನ್ ಹಾಕದೆ ಕೆಲಸ ಮುಗಿಯುವುದಿಲ್ಲ. ಎತ್ತಿನ ಗಾಡಿಗೆ ಕಡೆಗೀಲು ಹೇಗೋ, ಇದಕ್ಕೆ ಆ ಪಿನ್ ಹಾಗೆ.

ಧೂಳಿನ ಊರಿನಲ್ಲಿ

ಬೇರಿಂಗಿನ ಶತ್ರುಗಳು ಎರಡು: ನೀರು ಮತ್ತು ಧೂಳು. ಕೆಜಿಎಫ್‌ನಲ್ಲಿ ಎರಡನೆಯದಕ್ಕೆ ಬರವಿಲ್ಲ. ಚಿನ್ನ ತೆಗೆದ ನಂತರ ಉಳಿದ ನುಣ್ಣನೆಯ ಗಣಿಪುಡಿ ಸಯನೈಡ್ ದಿಬ್ಬಗಳಾಗಿ ಊರಿನ ನಡುವೆ ನಿಂತಿದೆ. ಗಾಳಿ ಬೀಸಿದಾಗ ಅದು ಮನೆಗಳೊಳಗೂ ನುಗ್ಗುತ್ತದೆ. ಬಂಡೆಯನ್ನು ಅರೆದು ಮಾಡಿದ ಇಂಥ ಪುಡಿ ಹರಿದ ಸೀಲಿನ ಮೂಲಕ ಗ್ರೀಸಿನೊಡನೆ ಬೆರೆತರೆ ಸಾಣೆಯಂತೆ ಉಕ್ಕನ್ನು ಸವೆಸುತ್ತದೆ. ಮಳೆಗಾಲದಲ್ಲಿ ನೀರು ನಿಂತ ಹಳ್ಳ ದಾಟಿದ ಚಕ್ರಗಳಿಗೆ ತುಕ್ಕಿನ ಭೀತಿ. ನಗರಗಳ ಹೊಂಡಬಿದ್ದ ರಸ್ತೆಗಳಲ್ಲಿ ಪೆಟ್ಟಿನ ಭಯ. ರಾಜ್ಯದ ಯಾವ ಊರಿನ ಚಾಲಕನಿಗೂ ಇದು ದೂರದ ಮಾತಲ್ಲ.

ಇಂದಿನ ಬಹುತೇಕ ಕಾರುಗಳಲ್ಲಿ ಈ ಶತ್ರುಗಳನ್ನು ಹೊರಗಿಡಲೆಂದೇ, ಕಾರ್ಖಾನೆಯಲ್ಲೇ ಗ್ರೀಸು ತುಂಬಿ ಮುಚ್ಚಿದ ಜೋಡಿಸಾಲಿನ ಬೇರಿಂಗುಗಳಿವೆ. ಅವುಗಳಲ್ಲಿ ಹೆಚ್ಚಿನವು ಗುಂಡುಗಳ ಮೇಲೆ ಓಡುತ್ತವೆ. ಅವನ್ನು ತೊಳೆಯುವಂತಿಲ್ಲ, ಸಡಿಲ ಸರಿಪಡಿಸುವಂತಿಲ್ಲ. ಕೆಟ್ಟರೆ ಇಡಿಯಾಗಿ ಬದಲಿಸಬೇಕು. ಕೆಲವಕ್ಕೆ ಬೋಲ್ಟ್ ಬಿಚ್ಚಿದರೆ ಸಾಕು, ಕೆಲವನ್ನು ಪ್ರೆಸ್ ಯಂತ್ರದಲ್ಲಿಟ್ಟು ಒತ್ತಿ ಕೂರಿಸಬೇಕು. ಹೌಸಿಂಗಿಗೆ ಕೂರಿಸುವಾಗ ಹೊರಬಳೆಯನ್ನು, ಹಬ್ಬಿಗೆ ಕೂರಿಸುವಾಗ ಒಳಬಳೆಯನ್ನು ಒತ್ತಬೇಕೇ ಹೊರತು, ಒತ್ತಡ ಗುಂಡುಗಳ ಮೂಲಕ ಹಾಯಬಾರದು. ಸುತ್ತಿಗೆಯಿಂದ ಬಡಿದು ಕೂರಿಸಿದ ಬೇರಿಂಗ್ ಹೊಸದಾಗಿದ್ದರೂ ಕೆಲವೇ ದಿನಗಳಲ್ಲಿ ಸದ್ದು ಮಾಡತೊಡಗುವುದು ಈ ಕಾರಣಕ್ಕೆ. ಆಕ್ಸಲ್ ನಟ್ಟನ್ನು ಟಾರ್ಕ್ ರೆಂಚಿನಿಂದ ನಿಗದಿತ ಅಳತೆಗೇ ಬಿಗಿಯಬೇಕು. ನಕಲಿ ಮಾಲಿನ ಹಾವಳಿ ಇರುವುದರಿಂದ ಪೊಟ್ಟಣದ ಸಂಖ್ಯೆಯೂ ಬಳೆಯ ಮೇಲಿನ ಸಂಖ್ಯೆಯೂ ತಾಳೆಯಾಗುವುದನ್ನು ಗ್ರಾಹಕರೇ ಕಣ್ಣಾರೆ ನೋಡಿಕೊಳ್ಳುವುದು ಒಳಿತು.

ಹೆಸರು ಉಳಿದ ಬಗೆ

ತಂದೆಯ ನಂತರ ಪುತ್ರರು ಕಂಪನಿಯನ್ನು ಬೆಳೆಸಿದರು. ಬೇರಿಂಗಿಗೆ ಬೇಕಾದ ಉಕ್ಕನ್ನೂ ಕ್ಯಾಂಟನ್‌ನಲ್ಲಿ ತಾವೇ ತಯಾರಿಸತೊಡಗಿದರು. 1930ರಲ್ಲಿ ಎಲ್ಲ ಅಚ್ಚುಗಳಿಗೂ ರೋಲರ್ ಬೇರಿಂಗ್ ಅಳವಡಿಸಿದ ಉಗಿಬಂಡಿಯೊಂದನ್ನು ಹಳಿಗಿಳಿಸಿ, ರೈಲಿಗೂ ಇದು ಒಗ್ಗುತ್ತದೆಂದು ಕಂಪನಿ ತೋರಿಸಿಕೊಟ್ಟಿತು. ಭಾರತದಲ್ಲಿ 1987ರಲ್ಲಿ ಟಾಟಾ ಸಮೂಹದ ಸಹಯೋಗದೊಂದಿಗೆ ಟಾಟಾ ಟಿಮ್‌ಕನ್ ಸ್ಥಾಪನೆಯಾಗಿ, ಜಮ್ಶೆಡ್‌ಪುರದಲ್ಲಿ ಕಾರ್ಖಾನೆ ತಲೆಯೆತ್ತಿತು. ಮುಂದೆ ಅದು ಟಿಮ್‌ಕನ್ ಇಂಡಿಯಾ ಆಯಿತು. ಅದರ ನೋಂದಾಯಿತ ಕಚೇರಿ ಇರುವುದು ಬೆಂಗಳೂರಿನ ಎಲೆಕ್ಟ್ರಾನಿಕ್ ಸಿಟಿಯಲ್ಲಿ. ಸ್ಯಾನ್ ಡಿಯಾಗೊದಲ್ಲಿ ಆ ಕುಟುಂಬದ ಹೆಸರಿನ ಕಲಾ ಸಂಗ್ರಹಾಲಯ 1965ರಿಂದ ಇದೆ. 1998ರಲ್ಲಿ, ಪೇಟೆಂಟಿಗೆ ನೂರು ವರ್ಷ ತುಂಬಿದಾಗ, ಅಮೆರಿಕದ ಸಂಶೋಧಕರ ಗೌರವ ಪಟ್ಟಿಗೆ ಟಿಮ್‌ಕನ್ ಅವರ ಹೆಸರು ಸೇರಿತು.

2001ರ ಫೆಬ್ರವರಿ 28ರಂದು ಕೆಜಿಎಫ್ ಗಣಿಗಳು ಬಾಗಿಲು ಮುಚ್ಚಿದವು. ಸಾವಿರಾರು ಜನ ಕೂಲಿ ಹುಡುಕಿಕೊಂಡು ಮಾರಿಕುಪ್ಪಂನಿಂದ ಬಂಗಾರಪೇಟೆ ಮಾರ್ಗವಾಗಿ ಬೆಂಗಳೂರಿಗೆ ನಿತ್ಯ ರೈಲು ಹತ್ತುವಂತಾಯಿತು. ಊರಿನಲ್ಲಿ ಉಳಿದ ದೊಡ್ಡ ಆಸರೆಯೆಂದರೆ 1964ರಲ್ಲಿ ಸ್ಥಾಪನೆಯಾದ ಬಿಇಎಂಎಲ್. ಅಲ್ಲಿ ತಯಾರಾಗುವ ಬುಲ್ಡೋಜರುಗಳ ಒಡಲಲ್ಲಿಯೂ ಗಿಯರುಗಳು ಬೇರಿಂಗುಗಳ ಮೇಲೆಯೇ ತಿರುಗುತ್ತವೆ. ನೆಲದೊಳಗಿನ ಚಿನ್ನಕ್ಕೆ ಕೊನೆಯಿತ್ತು. ಯಂತ್ರವನ್ನು ಬಿಚ್ಚಿ ಸರಿಯಾಗಿ ಜೋಡಿಸಬಲ್ಲ ಕೈಗಳಿಗೆ ಕೆಜಿಎಫ್‌ನಲ್ಲೂ ಬಂಗಾರಪೇಟೆಯಲ್ಲೂ ಈಗಲೂ ಕೆಲಸವಿದೆ. ಪೈಕ್ಸ್ ಪೀಕ್‌ನಿಂದ ಮರಳಿದ ಗಾಡಿ ಕೆಲಸಗಾರನ ಬದುಕನ್ನು ಕಟ್ಟಿಕೊಟ್ಟದ್ದೂ ಅಂಥದೇ ಕೈಕಸುಬು.